ಮಿಕ್ಸ್‌ನಲ್ಲಿ ಜೋರು, ಫೈಲ್‌ನಲ್ಲಿ ಸಪ್ಪೆ: ಸೌಂಡ್ ಎಲ್ಲಿ ಹೋಯ್ತು?

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯವರು ಹಾಡು ರೆಕಾರ್ಡ್ ಮಾಡೋಕೆ ಈಗ ಬೆಂಗಳೂರಿಗೇ ಹೋಗಬೇಕು ಅಂತೇನಿಲ್ಲ. ಲ್ಯಾಪ್‌ಟಾಪ್, ಆಡಿಯೋ ಇಂಟರ್‌ಫೇಸ್, ಒಂದು ಮೈಕ್, ಒಳ್ಳೆ ಹೆಡ್‌ಫೋನ್ ಇದ್ದರೆ ಮನೆಯ ರೂಮಲ್ಲೇ ಕೆಲಸ ಆಗುತ್ತದೆ. ತಲೆನೋವು ಶುರುವಾಗುವುದು ಕೊನೆಯಲ್ಲಿ. ಮಿಕ್ಸ್ ಮಾಡುವಾಗ ತುಂಬಿಕೊಂಡು ಕೇಳಿಸಿದ ಹಾಡು, ಎಕ್ಸ್‌ಪೋರ್ಟ್ ಮಾಡಿ ಪ್ಲೇಯರ್‌ನಲ್ಲಿ ಹಾಕಿದರೆ ಸಪ್ಪೆ. ಕೆಲವು ಸಲ ಉಲ್ಟಾ, ಫೈಲೇ ಜಾಸ್ತಿ ಜೋರು.

ಆಗ ಎಲ್ಲರ ಕೈಯೂ ಮೊದಲು ಹೋಗುವುದು ಮಾಸ್ಟರ್ ಫೇಡರ್‌ಗೆ, ಅಂದರೆ ಇಡೀ ಹಾಡಿನ ಜೋರನ್ನು ಏರಿಸಿ ಇಳಿಸುವ ಪಟ್ಟಿಗೆ. ಅದನ್ನು ಮುಟ್ಟಬೇಡಿ. ಬದಲಾಗಿದ್ದು ಫೈಲೋ, ಅದನ್ನು ಕೇಳುತ್ತಿರುವ ದಾರಿಯೋ? ಮೊದಲು ಇದು ಗೊತ್ತಾಗಬೇಕು. ಕಿವಿಯನ್ನು ನಂಬಿ ಇದನ್ನು ಹೇಳೋಕೆ ಆಗಲ್ಲ. ಅಳೆದೇ ನೋಡಬೇಕು.

ಮೊದಲು ಅಳತೆ

ಮಾಸ್ಟರ್ ಟ್ರ್ಯಾಕ್‌ನ ಕಟ್ಟಕಡೆಯ ಪ್ಲಗಿನ್ (ಮಿಕ್ಸಿಂಗ್ ಸಾಫ್ಟ್‌ವೇರ್ ಒಳಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್) ಆಗಿ ಒಂದು ಲೌಡ್‌ನೆಸ್ ಮೀಟರ್ ಹಾಕಿ. ಯೂಲೀನ್ ಲೌಡ್‌ನೆಸ್ ಮೀಟರ್ ಪುಕ್ಕಟೆ ಸಿಗುತ್ತದೆ, ಅದೇ ಸಾಕು. ಮೀಟರ್ ರೀಸೆಟ್ ಮಾಡಿ, ಹಾಡನ್ನು ಮೊದಲಿಂದ ಕೊನೆವರೆಗೆ ಪ್ಲೇ ಮಾಡಿ. ಎರಡು ಅಂಕಿ ಬರೆದುಕೊಳ್ಳಿ: ಇಂಟಿಗ್ರೇಟೆಡ್ ಲಫ್ಸ್ ಮತ್ತು ಟ್ರೂ ಪೀಕ್. ಲಫ್ಸ್ ಅಂದರೆ ಇಡೀ ಹಾಡು ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ನುವ ಲೆಕ್ಕ. ಪೀಕ್ ಅಂದರೆ ಅತಿ ಎತ್ತರಕ್ಕೆ ಹೋದ ಒಂದು ಕ್ಷಣ, ಅಷ್ಟೇ.

ಈಗ ಹಾಡನ್ನು 24 ಬಿಟ್ ವೇವ್ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಎಂಪಿ3 ಸದ್ಯಕ್ಕೆ ಬೇಡ. ಹೊಸ ಖಾಲಿ ಪ್ರಾಜೆಕ್ಟ್ ತೆರೆದು, ಆ ಫೈಲನ್ನು ಸ್ಟೀರಿಯೋ ಟ್ರ್ಯಾಕ್‌ಗೆ ಹಾಕಿ, ಫೇಡರನ್ನು ಸೊನ್ನೆ ಡಿಬಿ ಗುರುತಿನಲ್ಲಿಟ್ಟು, ಅದೇ ಮೀಟರ್‌ನಲ್ಲಿ ಪೂರ್ತಿ ಓಡಿಸಿ. ಹಳೇ ಪ್ರಾಜೆಕ್ಟ್‌ಗೇ ಹಾಕಿದರೆ ಮಾಸ್ಟರ್‌ನ ಲಿಮಿಟರ್ (ಮಿತಿ ದಾಟುವ ಪೀಕನ್ನು ತಗ್ಗಿಸುವ ಪ್ಲಗಿನ್) ಮತ್ತೊಂದು ಸಲ ಕೆಲಸ ಮಾಡಿ ಲೆಕ್ಕ ಕೆಡಿಸುತ್ತದೆ.

ಅಂಕಿಗಳು ಹೊಂದಿದರೆ ಫೈಲ್ ಸರಿಯಾಗಿದೆ, ತಪ್ಪು ಪ್ಲೇಯರ್ ಕಡೆ. ಹೊಂದದಿದ್ದರೆ ಎಕ್ಸ್‌ಪೋರ್ಟ್ ಕಡೆ.

ಫೈಲ್ ಸರಿಯಿದ್ದರೆ

ವಿಂಡೋಸ್‌ನಲ್ಲಿ ಮಿಕ್ಸಿಂಗ್ ಸಾಫ್ಟ್‌ವೇರ್ ಏಷಿಯೋ ಡ್ರೈವರ್ ಮೂಲಕ ನೇರವಾಗಿ ಇಂಟರ್‌ಫೇಸ್‌ಗೆ ಸೌಂಡ್ ಕಳಿಸುತ್ತದೆ. ವಿಂಡೋಸ್‌ನ ವಾಲ್ಯೂಮ್ ಪಟ್ಟಿಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ನಿಮ್ಮ ಮ್ಯೂಸಿಕ್ ಪ್ಲೇಯರ್ ಸಾಮಾನ್ಯವಾಗಿ ಹೋಗುವುದು ಆ ಪಟ್ಟಿಯ ಮೂಲಕವೇ. ಅದು 40ರಲ್ಲಿ ನಿಂತಿದ್ದರೆ ಫೈಲ್ ಸಪ್ಪೆ ಕೇಳಿಸದೆ ಇನ್ನೇನು? ವಿಂಡೋಸ್ ವಾಲ್ಯೂಮನ್ನೂ ಪ್ಲೇಯರ್ ವಾಲ್ಯೂಮನ್ನೂ 100ಕ್ಕೆ ಇಟ್ಟು, ಜೋರು ಕಮ್ಮಿ ಮಾಡೋಕೆ ಇಂಟರ್‌ಫೇಸ್‌ನ ಗುಂಡಿಯನ್ನಷ್ಟೇ ತಿರುಗಿಸಿ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಲೌಡ್‌ನೆಸ್ ಈಕ್ವಲೈಸೇಶನ್ ಇದ್ದರೆ ಆಫ್ ಮಾಡಿ. ಆಪಲ್ ಮ್ಯೂಸಿಕ್‌ನಲ್ಲಿ ಕೇಳುವವರು ಸೌಂಡ್ ಚೆಕ್ ಆಫ್ ಮಾಡಿ. ವಿಎಲ್‌ಸಿಯಲ್ಲಿ ವಾಲ್ಯೂಮ್ 100 ದಾಟಿಸುವ ಅಭ್ಯಾಸ ನಮ್ಮಲ್ಲಿ ತುಂಬಾ ಜನಕ್ಕಿದೆ. ಫೈಲೇ ಜೋರು ಅನ್ನಿಸುವುದಕ್ಕೆ ಅದೂ ಒಂದು ಕಾರಣ.

ಅಂಕಿ ಹೊಂದದಿದ್ದರೆ

ಮೊದಲ ಅನುಮಾನ ಮಾಸ್ಟರ್ ಫೇಡರ್ ಮೇಲೆ. ಬಹಳಷ್ಟು ಸಾಫ್ಟ್‌ವೇರ್‌ಗಳಲ್ಲಿ ಮಾಸ್ಟರ್‌ನ ಪ್ಲಗಿನ್‌ಗಳು ಫೇಡರ್‌ಗಿಂತ ಮುಂಚೆ ಬರುತ್ತವೆ. ಮೀಟರ್ ಮೈನಸ್ 14 ಲಫ್ಸ್ ತೋರಿಸುತ್ತಿರುತ್ತದೆ, ಫೇಡರ್ ಮೈನಸ್ 5 ಡಿಬಿಯಲ್ಲಿ ಇರುತ್ತದೆ, ಫೈಲ್ ಮೈನಸ್ 19 ಲಫ್ಸ್‌ಗೆ ಬರುತ್ತದೆ. ಮೀಟರ್ ಸುಳ್ಳು ಹೇಳಿಲ್ಲ, ಫೇಡರ್ ಇಳಿಸಿದ್ದು ಅದಕ್ಕೆ ಕಾಣಲ್ಲ ಅಷ್ಟೇ. ಮಾಸ್ಟರ್ ಫೇಡರ್ ಸೊನ್ನೆಯಲ್ಲೇ ಇರಲಿ. ಅದರ ಆಟೊಮೇಶನ್, ಅಂದರೆ ಹಾಡಿನ ಮಧ್ಯೆ ಫೇಡರ್ ತಾನೇ ಏರಿಳಿಯುವ ಹಾಗೆ ಮಾಡಿಟ್ಟದ್ದು, ಅದನ್ನೂ ನೋಡಿ.

ಮುಂದಿನದು ನಾರ್ಮಲೈಸ್, ಅಂದರೆ ಎಕ್ಸ್‌ಪೋರ್ಟ್ ಮಾಡುವಾಗ ಸಾಫ್ಟ್‌ವೇರ್ ತಾನೇ ಹಾಡಿನ ಜೋರನ್ನು ಬದಲಾಯಿಸುವ ಸೆಟ್ಟಿಂಗ್. ಗ್ಯಾರೇಜ್‌ಬ್ಯಾಂಡ್‌ನಲ್ಲಿ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ ಆಟೋ ನಾರ್ಮಲೈಸ್ ಅಂತ ಇದೆ. ಲಾಜಿಕ್‌ನಲ್ಲಿ ಬೌನ್ಸ್ ಮಾಡುವ ಕಿಟಕಿಯಲ್ಲೇ ಇದೆ. ರೀಪರ್‌ನಲ್ಲಿ ರೆಂಡರ್ ಕಿಟಕಿಯಲ್ಲಿ ಸಿಗುತ್ತದೆ.

ಇದು ಮಾಡುವ ಅವಾಂತರ ತಿಳಿಯೋಕೆ ತಮಟೆಗಿಂತ ಒಳ್ಳೆ ಉದಾಹರಣೆ ಇಲ್ಲ. ತಮಟೆ ಅಂದರೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ಹೆಮ್ಮೆ, ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀಯೇ ಬಂತು. ಆದರೆ ಮೀಟರ್ ಮುಂದೆ ತಮಟೆ ಅಂದರೆ ಪಜೀತಿ. ಸಣ್ಣ ಕಡ್ಡಿಯ ಪೆಟ್ಟು ಕಣ್ಣು ಮಿಟುಕಿಸುವಷ್ಟರಲ್ಲಿ ಪೀಕ್ ಮುಟ್ಟಿ ಇಳಿದುಬಿಡುತ್ತದೆ. ಸಾಮಾನ್ಯ ನಾರ್ಮಲೈಸ್ ನೋಡುವುದು ಆ ಪೀಕನ್ನು ಮಾತ್ರ. ಹಾಡಿನಲ್ಲಿ ಎಲ್ಲೋ ಒಂದು ಪೆಟ್ಟು ಸೊನ್ನೆ ಡಿಬಿ ಹತ್ತಿರ ಹೋಗಿದ್ದರೆ, 'ಇನ್ನು ಜಾಗ ಇಲ್ಲ' ಅಂತ ಇಡೀ ಹಾಡನ್ನು ಅಲ್ಲೇ ಬಿಡುತ್ತದೆ. ಅದೇ ತಂಬೂರಿ ಹಿಡಿದು ಹಾಡಿದ ಕೈವಾರದ ತತ್ವಪದ ಕೊಡಿ. ಅದರಲ್ಲಿ ಅಂಥ ಪೆಟ್ಟು ಇಲ್ಲ, ಹಾಗಾಗಿ 8, 10 ಡಿಬಿ ಎತ್ತಿಬಿಡಬಹುದು. ಒಂದೇ ಆಲ್ಬಂನಲ್ಲಿ ತಮಟೆ ಪದ ಮೆಲ್ಲಗೆ, ತತ್ವಪದ ಜೋರು! ನಾರ್ಮಲೈಸ್ ಆಫ್ ಮಾಡಿ. ತಮಟೆ ಟ್ರ್ಯಾಕ್‌ಗೆ ಮಾತ್ರ ಲಿಮಿಟರ್ ಹಾಕಿ ಆ ಮೊನೆಗಳನ್ನು 3, 4 ಡಿಬಿ ತಗ್ಗಿಸಿ. ಇದಕ್ಕಿಂತ ಜಾಸ್ತಿ ತಗ್ಗಿಸಿದರೆ ತಮಟೆ ಡಬ್ಬದ ಥರ ಕೇಳುತ್ತದೆ.

ಹೆಡ್‌ಫೋನ್ ಸರಿಪಡಿಸುವ ಪ್ಲಗಿನ್ ಮಾಸ್ಟರ್‌ನಲ್ಲೇ ಉಳಿದಿದ್ದರೆ ಅದೂ ಫೈಲ್‌ಗೆ ಸೇರಿಕೊಳ್ಳುತ್ತದೆ. ಎಕ್ಸ್‌ಪೋರ್ಟ್‌ಗೆ ಮುಂಚೆ ತೆಗೆಯಿರಿ. ಒಂದೇ ಟ್ರ್ಯಾಕ್ ಕೇಳಿಸುವ ಸೋಲೋ ಗುಂಡಿ ಒತ್ತಿದ್ದು ಹಾಗೇ ಇದೆಯಾ, ಮಾಸ್ಟರ್ ಬದಲು ಒಂದೇ ಬಸ್ (ಕೆಲವು ಟ್ರ್ಯಾಕ್‌ಗಳು ಸೇರುವ ದಾರಿ) ಎಕ್ಸ್‌ಪೋರ್ಟ್ ಆಗುತ್ತಿದೆಯಾ, ಅದೂ ನೋಡಿ.

ಯಾವುದಾದರೂ ಸೆಟ್ಟಿಂಗ್ ಮೇಲೆ ಇನ್ನೂ ಅನುಮಾನವೇ? ಆ ಸೆಟ್ಟಿಂಗ್ ಆನ್ ಇಟ್ಟು ಒಂದು, ಆಫ್ ಇಟ್ಟು ಒಂದು ವೇವ್ ತೆಗೆಯಿರಿ. ಖಾಲಿ ಪ್ರಾಜೆಕ್ಟ್‌ನಲ್ಲಿ ಎರಡನ್ನೂ ಒಂದರ ಕೆಳಗೊಂದು ಸರಿಯಾಗಿ ಜೋಡಿಸಿ, ಒಂದರ ಪೊಲಾರಿಟಿ ತಿರುಗಿಸಿ (ಅಂದರೆ ಸೌಂಡ್ ಅಲೆಯನ್ನು ತಲೆಕೆಳಗು ಮಾಡಿ) ಪ್ಲೇ ಮಾಡಿ. ಏನೂ ಕೇಳಿಸದಿದ್ದರೆ ಎರಡೂ ಒಂದೇ, ಆ ಸೆಟ್ಟಿಂಗ್ ನಿರಪರಾಧಿ. ಕೋರಸ್ ಥರದ ಅಲೆದಾಡುವ ಎಫೆಕ್ಟ್‌ಗಳಿದ್ದರೆ ಸ್ವಲ್ಪ ಗುಸುಗುಸು ಉಳಿಯಬಹುದು.

ಫೈಲ್ ಹೊರಗೆ ಹೋದಮೇಲೆ

ಎಂಪಿ3 ಮಾಡುವಾಗ ಪೀಕ್ ಸ್ವಲ್ಪ ಮೇಲೇಳುತ್ತದೆ. ಅದಕ್ಕೇ ಕೊನೆಯ ಲಿಮಿಟರ್‌ನಲ್ಲಿ ಟ್ರೂ ಪೀಕ್ ಮೈನಸ್ 1 ಡಿಬಿಗೆ ನಿಲ್ಲಿಸಿ.

ಯೂಟ್ಯೂಬ್ ಮೈನಸ್ 14 ಲಫ್ಸ್‌ಗಿಂತ ಜೋರಾದದ್ದನ್ನು ಇಳಿಸುತ್ತದೆ, ಮೆಲ್ಲಗಿದ್ದದ್ದನ್ನು ಎತ್ತಲ್ಲ. ಕಂಪ್ಯೂಟರ್‌ನಲ್ಲಿ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆಯಿರಿ. ಕಂಟೆಂಟ್ ಲೌಡ್‌ನೆಸ್ 4 ಡಿಬಿ ಅಂತಿದ್ದರೆ ಹಾಡು ಅಷ್ಟು ಜಾಸ್ತಿ ಇದೆ, ಯೂಟ್ಯೂಬ್ ಅದನ್ನು 63 ಪರ್ಸೆಂಟ್‌ಗೆ ಇಳಿಸಿ ಕೇಳಿಸುತ್ತಿದೆ ಅಂತ ಅರ್ಥ. ಜೋರು ಮಾಡಬೇಕು ಅಂತ ಲಿಮಿಟರ್‌ನಲ್ಲಿ ಹಿಂಡಿದ್ದೆಲ್ಲ ದಂಡ.

ಜಾತ್ರೆಗೋ ಗಣೇಶನ ಪೆಂಡಾಲ್‌ಗೋ ಹಾಡು ಕೊಡುತ್ತಿದ್ದೀರಾ? ಅಲ್ಲಿಯ ಸೆಟ್ ಹೆಚ್ಚಾಗಿ ಮೊನೋದಲ್ಲೇ ಓಡುತ್ತದೆ. ಎಡ, ಬಲ ಒಂದಾದಾಗ, ಅಗಲ ಮಾಡಿಟ್ಟ ಕೀಬೋರ್ಡ್ ಅರ್ಧಕ್ಕರ್ಧ ಮಾಯವಾಗಬಹುದು. ಕಳಿಸುವ ಮುಂಚೆ ಮಾಸ್ಟರ್‌ನ ಮೊನೋ ಗುಂಡಿ ಒತ್ತಿ ಒಂದು ಸಲ ಕೇಳಿ. ಕೀಬೋರ್ಡ್ ಕಾಣೆಯಾದರೆ ಅಗಲ ಮಾಡುವ ಪ್ಲಗಿನ್ ಕಮ್ಮಿ ಮಾಡಿ, ಹೊಸ ವೇವ್ ತೆಗೆದು, ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿ.