ತೋಟಕ್ಕೆ ಹಾಕಿದ ಸೊಪ್ಪಿನ ಕಾರ್ಬನ್ ಮಣ್ಣಲ್ಲಿ ಎಷ್ಟು ಕಾಲ ನಿಲ್ತದೆ? ನೀವೇ ನೋಡುವ ಕ್ರಮ

ಬದಿಯಡ್ಕ, ಪೆರ್ಲ ಕಡೆ ಯಾವ ಅಡಿಕೆ ತೋಟಕ್ಕೆ ಹೋದ್ರೂ ಬುಡಕ್ಕೆ ಸೊಪ್ಪು, ತರಗೆಲೆ, ಹಟ್ಟಿಗೊಬ್ಬರ ಬೀಳ್ತಾನೇ ಇರ್ತದೆ, ಆದ್ರೆ ಮುಂದಿನ ವರ್ಷ ನೋಡಿದ್ರೆ ಎಂತದೂ ಇಲ್ಲ, ಕೆಂಪು ಮಣ್ಣೇ ಕಾಣ್ತದೆ. ಅದರಲ್ಲಿದ್ದ ಕಾರ್ಬನ್ ಹೆಚ್ಚಿನದ್ದೂ ಗಾಳಿಗೇ ಹೋಗಿರ್ತದೆ, ಒಂದು ಕಿಲೋ ಕಾರ್ಬನ್ ಹೋದ್ರೆ ಸುಮಾರು 3.67 ಕಿಲೋ ಕಾರ್ಬನ್ ಡೈಆಕ್ಸೈಡ್.

ಎಷ್ಟು ವರ್ಷ ನಿಲ್ತದೆ ಅಂತ ಕೇಳಿದ್ರೆ ಒಂದೇ ಉತ್ತರ ಇಲ್ಲ ಮಾರಾಯ್ರೆ. ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರ ರೊಥಾಮ್‌ಸ್ಟೆಡ್‌ನಲ್ಲಿ ಮಣ್ಣಿಗೆ ಸೇರಿಸಿದ ಹುಲ್ಲಿನ ಕಾರ್ಬನ್ ಒಂದು ವರ್ಷಕ್ಕೆ ಮೂರನೇ ಒಂದು ಪಾಲು ಉಳಿದಿತ್ತು, ಅದೇ ನಮೂನೆ ಪ್ರಯೋಗ ನೈಜೀರಿಯಾದ ಸೆಕೆ-ಮಳೆಯ ಜಾಗದಲ್ಲಿ ಮಾಡಿದಾಗ ಕೊಳೆಯುವ ವೇಗ ನಾಲ್ಕು ಪಟ್ಟು. ನಮ್ಮದೂ ಸೆಕೆ-ಮಳೆಯ ಊರೇ. ಆದ್ರೆ ಅದೇ ರೊಥಾಮ್‌ಸ್ಟೆಡ್‌ನ ಒಂದು ಬಾರ್ಲಿ ಹೊಲದಲ್ಲಿ 1852ರಿಂದ 1871ರವರೆಗೆ ಹಟ್ಟಿಗೊಬ್ಬರ ಹಾಕಿ ನಿಲ್ಲಿಸಿದ ಪಟ್ಟಿ ಉಂಟು, ನೂರು ವರ್ಷ ಕಳೆದ ಮೇಲೂ ಗೊಬ್ಬರವೇ ಕಾಣದ ಪಟ್ಟಿಗಿಂತ ಅಲ್ಲಿ ಕಾರ್ಬನ್ ಜಾಸ್ತಿ ಇತ್ತು! ಅಂದ್ರೆ ಒಂದು ಪಾಲು ತಿಂಗಳಲ್ಲೇ ಹೋಗ್ತದೆ, ಇನ್ನೊಂದು ಹತ್ತಾರು ವರ್ಷ ಇರ್ತದೆ, ಮಣ್ಣಿನ ನಯ ಕಣಕ್ಕೆ, ಕಬ್ಬಿಣದ ಆಕ್ಸೈಡಿಗೆ ಅಂಟಿ ಕೂತದ್ದು ನೂರಾರು ವರ್ಷ ಕೂಡ ಇದ್ದೀತು. ನಮ್ಮ ಮುರ (ಲ್ಯಾಟರೈಟ್) ಮಣ್ಣಿನ ಕೆಂಪು ಆ ಕಬ್ಬಿಣದ್ದೇ.

ಬೇಗ ಹೋಗುವ ಪಾಲನ್ನು ನೋಡ್ಲಿಕ್ಕೆ ಪ್ಲಾಸ್ಟಿಕ್ ಸೊಳ್ಳೆಪರದೆಯ ಬಟ್ಟೆ ಸಾಕು. ಅಂಗೈಯಷ್ಟು ದೊಡ್ಡ 12 ಚೀಲ ಹೊಲಿಯಿರಿ. ಗ್ಲಿರಿಸೀಡಿಯಾ ಸೊಪ್ಪು, ಅಡಿಕೆ ಸೋಗೆ ಎರಡನ್ನೂ ಗರಿಗರಿ ಒಣಗಿಸಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 20 ಗ್ರಾಂ ತೂಗಿ ಆರಾರು ಚೀಲಕ್ಕೆ ತುಂಬಿ. ಪತ್ತನಾಜೆ ಹೊತ್ತಿಗೆ, ಅಂದ್ರೆ ಮೇ ಕೊನೆಗೆ, ಒಂದು ಗೇಣು ಆಳಕ್ಕೆ ಹೂತು ಪಕ್ಕದಲ್ಲಿ ಗೂಟ ಹುಗಿಯಿರಿ, ಇಲ್ಲದಿದ್ರೆ ಆಟಿ ಮಳೆಗೆ ಜಾಗವೇ ಗೊತ್ತಾಗುದಿಲ್ಲ. ಒಂದು ತಿಂಗಳಿಗೆ ಎರಡು ಬಗೆಯಿಂದಲೂ ಮೂರು ಮೂರು ಚೀಲ ತೆಗೆಯಿರಿ, ಮೂರು ತಿಂಗಳಿಗೆ ಉಳಿದ ಮೂರು ಮೂರು. ಒಂದೊಂದೇ ತೆಗೆದ್ರೆ ಆಗುದಿಲ್ಲ, ಗೆದ್ದಲು ಹೊಕ್ಕ ಒಂದು ಚೀಲ ಲೆಕ್ಕವನ್ನೇ ಕೆಡಿಸ್ತದೆ. ಮಣ್ಣು ಹೋಗುವ ಹಾಗೆ ನೀರಲ್ಲಿ ಬೇಗ ಅದ್ದಿ ತೆಗೆದು ಮತ್ತೆ ಗರಿಗರಿ ಒಣಗಿಸಿ ತೂಗಿ. ಮಳೆಗಾಲ ಆದ ಕಾರಣ ಒಲೆಯ ಮೇಲಿನ ಅಟ್ಟವೇ ಗತಿ. 20 ಗ್ರಾಂ ಇದ್ದದ್ದು 90 ದಿನಕ್ಕೆ 10 ಆಗಿದ್ರೆ ಅದರ ಅರ್ಧಾಯುಷ್ಯ 90 ದಿನ, ಇನ್ನು 90 ದಿನಕ್ಕೆ ಹೆಚ್ಚುಕಡಿಮೆ 5 ಗ್ರಾಂ ಅಂತ ಇಟ್ಕೊಳ್ಳಿ. ಸೊಪ್ಪು ಸೋಗೆಗಿಂತ ಎಷ್ಟೋ ಬೇಗ ಕರಗಿರ್ತದೆ. ಹಾಗಂತ ಕರಗಿದ್ದೆಲ್ಲ ಗಾಳಿಗೆ ಹೋಯ್ತು ಅಂತ ಅಲ್ಲ, ಸೂಕ್ಷ್ಮಜೀವಿಗಳು ತಿಂದು ಸತ್ತು ಮಣ್ಣಿಗೆ ಅಂಟಿದ್ದೇ ಆ ನಿಧಾನದ ಪಾಲು.

ಆ ಪಾಲು ಚೀಲದಲ್ಲಿ ಸಿಕ್ಕುದಿಲ್ಲ, ಮಣ್ಣು ಪರೀಕ್ಷೆಯೇ ಬೇಕು. ಪ್ರತಿ ವರ್ಷ ಮಾಡಿಸಿ ಪ್ರಯೋಜನ ಇಲ್ಲ, ವ್ಯತ್ಯಾಸ ಅಷ್ಟು ಬೇಗ ಕಾಣುದಿಲ್ಲ, ನಾಲ್ಕೈದು ವರ್ಷಕ್ಕೊಮ್ಮೆ ಅದೇ ತಿಂಗಳಲ್ಲಿ, ಅದೇ ಜಾಗದಿಂದ, ಅದೇ 15 ಸೆಂಟಿಮೀಟರ್ ಆಳಕ್ಕೆ, ಹತ್ತು ಹದಿನೈದು ಕಡೆಯಿಂದ ತೆಗೆದು ಬೆರೆಸಿ ಕೊಡಿ, ಗೊಬ್ಬರ ಹಾಕಿದ ಕೂಡಲೇ ತೆಗೀಬೇಡಿ. ನಮ್ಮವರು ಹೆಚ್ಚಾಗಿ ತಪ್ಪುವುದು ಜಲ್ಲಿಯ ಲೆಕ್ಕದಲ್ಲಿ. ಲ್ಯಾಬಿನವರು ಮುರದ ಜಲ್ಲಿ ಜರಡಿ ಹಿಡಿದು ಬಿಸಾಡಿ ನಯ ಮಣ್ಣಿನದ್ದು ಮಾತ್ರ ಹೇಳ್ತಾರೆ. ಒಂದು ಎಕ್ರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 790 ಟನ್ ಅಂತ ಹಿಡಿದ್ರೆ ಶೇ. 1 ಕಾರ್ಬನ್ ಅಂದ್ರೆ 7.9 ಟನ್, ಆದ್ರೆ ತೂಕದಲ್ಲಿ ಶೇ. 40 ಜಲ್ಲಿಯೇ ಆಗಿದ್ರೆ ನಿಜಕ್ಕೂ ಇರುವುದು 4.7 ಟನ್. ಬಕೆಟಲ್ಲಿ ಮಣ್ಣು ತಂದು ಜರಡಿ ಹಿಡಿದು ಜಲ್ಲಿ ತೂಗಿ ನೋಡಿ, ಅರ್ಧ ಗಂಟೆಯ ಕೆಲಸ.

ಇನ್ನು ಕೂತದ್ದನ್ನು ಏಳಿಸದೆ ಇರುವುದು. ಪ್ರತಿ ವರ್ಷ ತೋಟ ಇಡೀ ಅಗತೆ ಮಾಡಿದ್ರೆ ಮಣ್ಣಿನ ಹೆಂಟೆಯ ಒಳಗೆ ಅಡಗಿದ್ದ ಕಾರ್ಬನ್ನಿಗೆ ಗಾಳಿ ತಾಗಿ ಸೂಕ್ಷ್ಮಜೀವಿಗಳಿಗೆ ಊಟ ಆಗ್ತದೆ. ಬುಡಕ್ಕೆ ಸೊಪ್ಪು ಮುಚ್ಚಿಗೆ ಸಾಕು, ಹುಲ್ಲು ಕತ್ತರಿಸಿ ಅಲ್ಲೇ ಬಿಡಿ, ಬೇರು ಕೀಳ್ಬೇಡಿ, ಬೇರಿನ ಕಾರ್ಬನ್ ಎಲೆಯದ್ದಕ್ಕಿಂತ ಹೆಚ್ಚು ಕಾಲ ನಿಲ್ತದೆ. ತರಗೆಲೆಯೊಟ್ಟಿಗೆ ಮಣ್ಣು ಸುಟ್ಟು ಸುಡುಮಣ್ಣು ಮಾಡುವಾಗ ಕಾರ್ಬನ್ ಹೆಚ್ಚಿನದ್ದು ಆ ದಿನವೇ ಹೊಗೆಯಾಗಿ ಹೋಗ್ತದೆ, ಉಳಿಯುವ ಕರಿ ಇದ್ದಿಲಿನ ಚೂರು ಮಾತ್ರ ಬಹಳ ಕಾಲ ಬಾಳ್ತದೆ. ನನಗೆ ಹೆಚ್ಚು ಬೇಸರ ಆಗುವುದು ಬೈಲು ಗದ್ದೆಯಲ್ಲಿ ಚರಂಡಿ ತೋಡಿ ತೋಟ ಮಾಡುವಾಗ, ನೀರು ನಿಂತು ಎಷ್ಟೋ ತಲೆಮಾರಿನಿಂದ ಕೂತ ಕಪ್ಪು ಮಣ್ಣಿಗೆ ಒಮ್ಮೆಲೇ ಗಾಳಿ ಹೊಕ್ಕಿ ಕೆಲವೇ ವರ್ಷದಲ್ಲಿ ಬಣ್ಣ ಬಿಟ್ಟು ಹೋಗ್ತದೆ. ಹಾಗೆ ಮಾಡ್ಲೇಬೇಕು ಅಂತ ಇದ್ರೆ ಚರಂಡಿ ತೋಡುವ ಮೊದಲೇ ಒಂದು ಸ್ಯಾಂಪಲ್ ಕೊಟ್ಟು ರಿಪೋರ್ಟ್ ಜೋಪಾನ ಮಾಡಿ, ಆಮೇಲೆ ಹೋಲಿಸ್ಲಿಕ್ಕೆ ಬೇರೆ ದಾರಿ ಇಲ್ಲ.