ಗೊರಗೊರ ಸದ್ದಿನ ಬೆನ್ನು ಹತ್ತಿ

ಸಂಜೆ ಏಳರ ಹೊತ್ತಿಗೆ ಟ್ರಾನ್ಸಿಸ್ಟರನ್ನು ಕಿವಿಗೆ ಹಿಡಿದುಕೊಂಡು ಕಂಬದಿಂದ ಕಂಬಕ್ಕೆ ನಡೆಯುತ್ತಿದ್ದ ನನ್ನನ್ನು, ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ತಡೆದು "ಮೇಡಂ, ಸ್ಕೋರ್ ಎಷ್ಟಾಯಿತು?" ಎಂದು ಕೇಳಿದರು. ಅಂದು ಯಾವ ಪಂದ್ಯವೂ ಇರಲಿಲ್ಲ. ನಾನು ಕೇಳುತ್ತಿದ್ದದ್ದು ಬರೀ ಗೊರಗೊರ. ಅದು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡುವುದರಲ್ಲಿ ನನ್ನ ಎರಡು ತಿಂಗಳು ಕಳೆದಿದ್ದವು. ಇದನ್ನೆಲ್ಲ ಅವರಿಗೆ ವಿವರಿಸುವ ಬದಲು "ಇನ್ನೂ ಶುರುವಾಗಿಲ್ಲ" ಎಂದು ಮುಂದೆ ಹೋದೆ.

ಚಿತ್ರದುರ್ಗದಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ, ಹ್ಯಾಮ್ ರೇಡಿಯೋ, ಅಂದರೆ ಪರವಾನಗಿ ಪಡೆದ ಹವ್ಯಾಸಿಗಳು ರೇಡಿಯೋದಲ್ಲಿ ಪರಸ್ಪರ ಮಾತನಾಡುವ ಹವ್ಯಾಸ, ನನ್ನ ಹುಚ್ಚು. ಪರೀಕ್ಷೆ ಬರೆದು, ಪರವಾನಗಿ ಪಡೆದು, ವಿಯು3ಯಿಂದ ಶುರುವಾಗುವ ಕರೆಸಂಕೇತ ಬರುವಷ್ಟರಲ್ಲಿ ನಾನೊಂದು ರಿಸೀವರ್ ಕಟ್ಟಿದ್ದೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಎಂಬ ಪುಟ್ಟ ಟ್ರಾನ್ಸೀವರಿನ (ಕೇಳಲು, ಪ್ರಸಾರ ಮಾಡಲು ಎರಡಕ್ಕೂ ಒಂದೇ ಪೆಟ್ಟಿಗೆ) ನಕ್ಷೆ ಅದಕ್ಕೆ ಆಧಾರ. ಪೇಟೆಯಲ್ಲಿ ಸುಲಭವಾಗಿ ಸಿಗುವ ಬಿಡಿಭಾಗಗಳಲ್ಲೇ ಮುಗಿಯುವ ವಿನ್ಯಾಸ ಅದು. ಕಾಯಿಲ್ ಸುತ್ತಲು ನಲ್ಲಿಯ ವಾಷರ್ ಕೂಡ ನಡೆಯುತ್ತದೆ. ಹಾರ್ಡ್‌ವೇರ್ ಅಂಗಡಿಯವರು "ಎಷ್ಟು ನಲ್ಲಿ ಸೋರುತ್ತಿವೆ ಮೇಡಂ?" ಎಂದು ಕೇಳುವಷ್ಟು ವಾಷರ್ ಕೊಂಡಿದ್ದೇನೆ. ಕಟ್ಟಿ ಮುಗಿಸಿ ಆಂಟೆನಾ ಜೋಡಿಸಿದಾಗ ಮೊದಲು ಕೇಳಿಸಿದ್ದು ಈ ಗೊರಗೊರ. ಎಲ್ಲೋ ಡ್ರೈ ಸೋಲ್ಡರ್ ಆಗಿದೆ ಎಂದುಕೊಂಡು ಒಂದೊಂದೇ ಬೆಸುಗೆಯನ್ನು ಮತ್ತೆ ಕಾಯಿಸಿದೆ. ಸದ್ದು ಹೋಗಲಿಲ್ಲ. ನನ್ನ ಕೈಗುಣವೇ ಸರಿಯಿಲ್ಲ ಎಂದು ಬೇಸತ್ತು, ಸಾಲ ಮಾಡಿ, ಕಾರ್ಖಾನೆಯಲ್ಲೇ ತಯಾರಾದ ಹಳೆಯ ಟ್ರಾನ್ಸೀವರ್ ಒಂದನ್ನು ಕೊಂಡೆ. ಅದರಲ್ಲೂ ಅದೇ ಗೊರಗೊರ. ಈ ಸಲ ಮಾತ್ರ, ಬರುವ ಸಂಕೇತದ ಬಲವನ್ನು 'ಎಸ್' ಎಂಬ ಮೆಟ್ಟಿಲುಗಳಲ್ಲಿ ತೋರಿಸುವ ಮೀಟರಿತ್ತು: ಬಲವಾದ ಸಂಕೇತಕ್ಕೆ ಏರಬೇಕಾದ ಮುಳ್ಳು ಎಸ್9ರ ಮೇಲೆ ನಿಂತಿತ್ತು. ಯಾರೂ ಮಾತನಾಡದಿದ್ದಾಗಲೂ ಅಲ್ಲೇ.

ಸದ್ದಿನ ಕಥೆಗೆ ಮೊದಲು ಆಂಟೆನಾ ವಿಷಯ ಹೇಳಬೇಕು, ಏಕೆಂದರೆ ಹೊಸಬರು ನನ್ನನ್ನು ಹೆಚ್ಚಾಗಿ ಕೇಳುವುದು ಅದನ್ನೇ. ನಾನು ಹಿಡಿದದ್ದು 40 ಮೀಟರ್ ಬ್ಯಾಂಡು, ಅಂದರೆ ನಮ್ಮ ದೇಶದಲ್ಲಿ 7.0ರಿಂದ 7.2 ಮೆಗಾಹರ್ಟ್ಸ್. ಹಗಲಿನಲ್ಲಿ ಇನ್ನೂರು ಮುನ್ನೂರು ಕಿಲೋಮೀಟರಿನೊಳಗಿನವರೊಂದಿಗೆ ಹರಟಲು, ಕತ್ತಲಾದ ಮೇಲೆ ದೂರ ದೇಶಗಳನ್ನು ಹಿಡಿಯಲು ಇದು ಹೇಳಿ ಮಾಡಿಸಿದ ಜಾಗ. ನಡುವೆ ಕೇಬಲ್ ಸೇರುವ ಎರಡು ತೋಳಿನ ತಂತಿ ಆಂಟೆನಾಕ್ಕೆ ಡೈಪೋಲ್ ಎಂದು ಹೆಸರು. ಅದರ ಲೆಕ್ಕ ಸರಳ: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ಒಟ್ಟು ಉದ್ದ ಬರುತ್ತದೆ. 7.1ಕ್ಕೆ 20 ಮೀಟರಿಗಿಂತ ಒಂದಿಷ್ಟು ಹೆಚ್ಚು, ಅಡಿಯಲ್ಲಿ ಹೇಳಿದರೆ 66. ನಮ್ಮದು ಮೂವತ್ತು-ನಲವತ್ತರ ನಿವೇಶನ. ಪೈಥಾಗೊರಸ್ ಎಷ್ಟೇ ಎಳೆದರೂ ಅದರ ಕರ್ಣ 50 ಅಡಿ ದಾಟುವುದಿಲ್ಲ. ಹಾಗಾಗಿ ತಾರಸಿಯ ಟ್ಯಾಂಕಿನ ಕಟ್ಟೆಗೆ ಜಿಐ ಪೈಪೊಂದನ್ನು ಕ್ಲಾಂಪ್ ಹಾಕಿ ನಿಲ್ಲಿಸಿ, ತಂತಿಯ ನಡುಭಾಗವನ್ನು ಅದರ ತುದಿಗೇರಿಸಿ, ಎರಡೂ ತೋಳುಗಳನ್ನು ಬೋರಲು ಹಾಕಿದ 'ವಿ'ಯಂತೆ ಇಳಿಬಿಟ್ಟೆ. ಒಂದು ತುದಿ ಹಿತ್ತಲಿನ ತೆಂಗಿನ ಮರಕ್ಕೆ, ಇನ್ನೊಂದು ಗೇಟಿನ ಬಳಿಯ ಕಬ್ಬಿಣದ ಕೋಲಿಗೆ. ತಂತಿ ಎಂದರೆ ಮನೆ ವೈರಿಂಗಿಗೆ ಬಳಸುವ ಒಂದೂವರೆ ಸ್ಕ್ವೇರ್ ಎಂಎಂನದು. 90 ಮೀಟರಿನ ಒಂದು ಸುರುಳಿ ತಂದರೆ ನಾಲ್ಕು ಸಲ ತಪ್ಪು ಮಾಡಬಹುದು.

ತೋಳುಗಳನ್ನು ಮೊದಲು ಹತ್ತೂವರೆ ಮೀಟರಿನಷ್ಟು ಬಿಟ್ಟೆ. ಪ್ಲಾಸ್ಟಿಕ್ ಹೊದಿಕೆಯ ತಂತಿ ಲೆಕ್ಕಕ್ಕಿಂತ ಕೆಳಗಿನ ಆವರ್ತನದಲ್ಲಿ ಅನುರಣಿಸುತ್ತದೆ, ನನ್ನದು 6.75 ಮೆಗಾಹರ್ಟ್ಸ್ ಸುಮಾರಿನಲ್ಲಿ ನಿಂತಿತು. ಕತ್ತರಿ ತೆಗೆದುಕೊಂಡು ಅವಸರ ಮಾಡಬೇಡಿ. ತುದಿಯನ್ನು ಹಿಂದಕ್ಕೆ ಮಡಚಿ ತಂತಿಗೇ ಹುರಿಯಂತೆ ಸುತ್ತಿದರೆ ಕತ್ತರಿಸಿದಷ್ಟೇ ಫಲ ಸಿಗುತ್ತದೆ, ತಪ್ಪಿದರೆ ಬಿಚ್ಚಬಹುದು. ಎರಡೂ ಬದಿ ಅರ್ಧ ಮೀಟರಿನಷ್ಟು ಮಡಚಿದ ಮೇಲೆ 7.1ಕ್ಕೆ ಬಂದು ಕುಳಿತಿತು. ಪ್ರಸಾರ ಮಾಡುವಾಗ ಡೈಪೋಲಿನ ತುದಿಗಳಲ್ಲಿ ವೋಲ್ಟೇಜ್ ಅತಿ ಹೆಚ್ಚು. ಅವು ಯಾರ ಕೈಗೂ ಎಟುಕದ ಎತ್ತರದಲ್ಲಿರಬೇಕು. ನಮ್ಮ ಅತ್ತೆ ಮೊದಲ ದಿನವೇ "ಇಷ್ಟು ಚೆನ್ನಾಗಿ ಕಟ್ಟಿದ್ದೀಯ, ಎರಡು ಸೀರೆಯಾದರೂ ಒಣಗಿಸಬಹುದಲ್ಲ" ಎಂದಿದ್ದರು.

ನಮ್ಮೂರಿನ ಗಾಳಿಯ ಲೆಕ್ಕ ಮಾತ್ರ ನನ್ನ ಪಟ್ಟಿಯಲ್ಲಿರಲಿಲ್ಲ. ಜೋಗಿಮಟ್ಟಿಯ ಕಡೆ ಸಾಲಾಗಿ ತಿರುಗುವ ಗಾಳಿಯಂತ್ರಗಳನ್ನು ದಿನವೂ ನೋಡುತ್ತಲೇ ತಂತಿಯನ್ನು ತಂಬೂರಿಯಂತೆ ಬಿಗಿದು ಕಟ್ಟಿದ ಬುದ್ಧಿವಂತೆ ನಾನು. ಆಷಾಢದ ಮೊದಲ ವಾರದಲ್ಲಿ ತೆಂಗಿನ ಮರ ತೂಗಿತು, ತಂತಿ ಬೆಸುಗೆಯ ಬುಡದಲ್ಲೇ ಕಿತ್ತು ಬಂದಿತು. ಈಗ ಮರದ ಬದಿಯ ಹಗ್ಗವನ್ನು ಗಡಗಡೆಯ ಮೇಲೆ ಹಾಯಿಸಿ, ಮರಳು ತುಂಬಿದ ಐದು ಲೀಟರಿನ ಎಣ್ಣೆ ಕ್ಯಾನೊಂದನ್ನು ಅದಕ್ಕೆ ನೇತುಹಾಕಿದ್ದೇನೆ. ಮರ ಬಾಗಿದರೆ ಕ್ಯಾನು ಮೇಲೇರುತ್ತದೆ, ನೆಟ್ಟಗಾದರೆ ಇಳಿಯುತ್ತದೆ. ಮೂರು ಆಷಾಢ ದಾಟಿದೆ, ತಂತಿ ಹರಿದಿಲ್ಲ.

ಇನ್ನು ಗೊರಗೊರ. ಮೊದಲು ಮನೆಯೊಳಗಿನದೋ ಹೊರಗಿನದೋ ತಿಳಿಯಬೇಕು ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೆ ಟ್ರಾನ್ಸೀವರನ್ನು 12 ವೋಲ್ಟಿನ ಬ್ಯಾಟರಿಗೆ ಜೋಡಿಸಿ, ಮನೆಯ ಮೇನ್ ಸ್ವಿಚ್ ಇಳಿಸಿ, ಮೀಟರ್ ನೋಡಬೇಕು. ನಾನೂ ಇಳಿಸಿದೆ. ಮುಳ್ಳು ಅಲುಗಲಿಲ್ಲ. ಸರಿ, ನಮ್ಮ ಮನೆ ನಿರ್ದೋಷಿ ಎಂದು ತೀರ್ಪು ಕೊಟ್ಟು ಬೀದಿಯ ಮೇಲೆ ಬಿದ್ದೆ.

ಬೀದಿಗೆ ಬೇಕಾದ ಸಲಕರಣೆ ಹಳೆಯ ಟ್ರಾನ್ಸಿಸ್ಟರ್ ಒಂದೇ. ಮಧ್ಯಮ ತರಂಗದಲ್ಲಿ, ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗಿಂತ ಕೆಳಗೆ, ಯಾವ ನಿಲ್ದಾಣವೂ ಇಲ್ಲದ ಜಾಗದಲ್ಲಿ ಮುಳ್ಳು ನಿಲ್ಲಿಸಬೇಕು. ಅದರೊಳಗಿನ ಆಂಟೆನಾ ಫೆರೈಟ್ ಎಂಬ ಕಾಂತೀಯ ವಸ್ತುವಿನ ಒಂದು ಕಡ್ಡಿ. ಕಡ್ಡಿಯ ತುದಿ ಸದ್ದಿನ ಮೂಲದ ಕಡೆಗೆ ನೇರವಾಗಿ ತಿರುಗಿದಾಗ ಸದ್ದು ತಟ್ಟನೆ ತಗ್ಗುತ್ತದೆ. ಜೋರಾಗುವುದನ್ನು ನಂಬಬೇಡಿ, ತಗ್ಗುವುದನ್ನು ನಂಬಿ. ಜೋರು ಎಲ್ಲ ಕಡೆಯೂ ಒಂದೇ ತರಹ ಕೇಳಿಸುತ್ತದೆ, ತಗ್ಗುವ ದಿಕ್ಕು ಮಾತ್ರ ಚೂಪಾಗಿರುತ್ತದೆ. ಎರಡು ಜಾಗಗಳಲ್ಲಿ ನಿಂತು ಆ ದಿಕ್ಕುಗಳನ್ನು ಕಾಗದದ ಮೇಲೆ ಗೆರೆ ಎಳೆದರೆ, ಗೆರೆಗಳು ಕೂಡುವಲ್ಲಿ ಕಳ್ಳ.

ಮೂರನೆಯ ಕಂಬದ ಬಳಿ ಚರಚರ ಸದ್ದು ಸಿಕ್ಕಿತು, ಇನ್ಸುಲೇಟರಿನ ಬಳಿ ಸಣ್ಣ ಕಿಡಿ ಹಾರುತ್ತಿದ್ದಿರಬೇಕು. ಒಂದು ಮಳೆ ಬಂದು ತೊಳೆದ ಮೇಲೆ ಅದು ನಿಂತಿತು, ಮನೆಯ ಗೊರಗೊರ ನಿಲ್ಲಲಿಲ್ಲ. ಆಮೇಲೆ ಪಕ್ಕದ ಮನೆಯ ಮೇಲೆ ಅನುಮಾನ. ಅವರ ತಾರಸಿಯ ಮೇಲೆ ಬಣ್ಣಬಣ್ಣದ ಎಲ್‌ಇಡಿ ಸರವಿತ್ತು. "ಅಣ್ಣ, ಐದು ನಿಮಿಷ ಮೇನ್ ಸ್ವಿಚ್ ಆಫ್ ಮಾಡುತ್ತೀರಾ?" ಎಂದು ಕೇಳಿದೆ. ಒಳ್ಳೆಯ ಮನುಷ್ಯರು, ಧಾರಾವಾಹಿಯ ನಡುವೆಯೇ ಆಫ್ ಮಾಡಿದರು. ಮುಳ್ಳು ಅಲುಗಲಿಲ್ಲ. ಅವರ ಮನೆಯವರು ಮುಂದಿನ ಒಂದು ವಾರ ನನ್ನೊಂದಿಗೆ ಮಾತನಾಡಲಿಲ್ಲ.

ಈ ನಡುವೆ ದಾವಣಗೆರೆಯ ಹ್ಯಾಮ್ ಗೆಳೆಯರೊಬ್ಬರು ಫೋನ್ ಮಾಡಿ ಬೈದರು. "ನಿಮ್ಮ ದನಿ ಇಲ್ಲಿ ಗಂಟೆ ಹೊಡೆದಂತೆ ಕೇಳಿಸುತ್ತದೆ. ನಾವು ಮೂರು ಸಲ ಉತ್ತರ ಕೊಟ್ಟರೂ ನೀವು ಕರೆಯುತ್ತಲೇ ಇರುತ್ತೀರಲ್ಲ?" ಬಾಯಿ ದೊಡ್ಡದಾಗಿ ಕಿವಿ ಇಲ್ಲದ ಇಂಥವರನ್ನು ಹ್ಯಾಮ್‌ಗಳು ಮೊಸಳೆ ಎನ್ನುತ್ತಾರೆ. ಚಿತ್ರದುರ್ಗದ ಮೊಸಳೆ ನಾನಾಗಿದ್ದೆ. ಇನ್ನೂ ದೊಡ್ಡ ಆಂಪ್ಲಿಫೈಯರ್ ಕೊಳ್ಳೋಣವೇ ಎಂಬ ಯೋಚನೆ ಅಲ್ಲಿಗೇ ಸತ್ತಿತು. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಅತ್ತಲಿನ ಮೀಟರಿನಲ್ಲಿ ಏರುವುದು 3 ಡೆಸಿಬೆಲ್, ಅಂದರೆ ಅರ್ಧ ಎಸ್ ಮಾತ್ರ. ನನ್ನ ಕಿವಿಗೆ ಅದರಿಂದ ಮೂರು ಕಾಸಿನ ಲಾಭವಿಲ್ಲ.

ಕೊನೆಗೆ ಕಳ್ಳ ಸಿಕ್ಕಿದ್ದು ಕರೆಂಟು ಹೋದ ಒಂದು ಮಧ್ಯಾಹ್ನ. ಇಡೀ ಬೀದಿಗೆ ವಿದ್ಯುತ್ ಇರಲಿಲ್ಲ. ಈಗಲಾದರೂ ಬ್ಯಾಂಡು ತಣ್ಣಗಾಗಿರುತ್ತದೆ ಎಂದು ಬ್ಯಾಟರಿ ಜೋಡಿಸಿ ಕುಳಿತರೆ ಅದೇ ಎಸ್9, ಅದೇ ಗೊರಗೊರ. ಬೇಸರದಿಂದ ನೀರು ಕುಡಿಯಲು ಎದ್ದವಳಿಗೆ ದೇವರ ಮನೆಯಲ್ಲಿ ಬೆಳಕು ಕಾಣಿಸಿತು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಫೋಟೋದ ಹಿಂದೆ ಅತ್ತೆ ಹಿಂದಿನ ದೀಪಾವಳಿಗೆ ಅಂಟಿಸಿಕೊಂಡಿದ್ದ ಎಲ್‌ಇಡಿ ಪಟ್ಟಿ ಝಗಮಗ ಉರಿಯುತ್ತಿತ್ತು. ಕರೆಂಟು ಇಲ್ಲದೆ ಹೇಗೆ ಉರಿಯುತ್ತದೆ? ಇನ್‌ವರ್ಟರಿನಿಂದ. ನಾನು ಮೇನ್ ಸ್ವಿಚ್ ಇಳಿಸಿದ ದಿನವೂ ಇನ್‌ವರ್ಟರ್ ತನ್ನ ಕರ್ತವ್ಯ ಮಾಡಿತ್ತು: ಅರ್ಧ ಮನೆಗೆ ತಾನೇ ವಿದ್ಯುತ್ ಕೊಟ್ಟಿತ್ತು. ಭೌತಶಾಸ್ತ್ರದ ಮೇಡಂಗೆ ಅದು ಹೊಳೆದಿರಲಿಲ್ಲ. ಪಕ್ಕದವರ ತಟ್ಟೆಯ ನೊಣ ಹುಡುಕುತ್ತ ಎರಡು ತಿಂಗಳು ತಿರುಗಿದ್ದೆ, ಹೆಗ್ಗಣ ನಮ್ಮ ತಟ್ಟೆಯಲ್ಲಿತ್ತು.

ಇನ್‌ವರ್ಟರನ್ನೂ ಆಫ್ ಮಾಡಿದೆ. ಮುಳ್ಳು ಎಸ್3ಕ್ಕೆ ಇಳಿದು, ಎಲ್ಲೋ ದೂರದಲ್ಲಿ ಯಾರೋ ತಮ್ಮ ಆಂಟೆನಾ ಬಗ್ಗೆ ಮಾತನಾಡುತ್ತಿರುವುದು ಸ್ಪಷ್ಟವಾಗಿ ಕೇಳಿಸಿತು. ಪ್ರತಿ ಎಸ್‌ಗೆ 6 ಡೆಸಿಬೆಲ್ ಎಂದು ಹಿಡಿದರೆ ಆರು ಮೆಟ್ಟಿಲಿಗೆ 36. ಶಕ್ತಿಯ ಲೆಕ್ಕದಲ್ಲಿ ಸುಮಾರು 4000 ಪಟ್ಟು. ಆಮೇಲೆ ಇನ್‌ವರ್ಟರ್ ಹಚ್ಚಿ ಒಂದೊಂದೇ ಪ್ಲಗ್ ಕಿತ್ತು ನೋಡಿದೆ. ಮುಕ್ಕಾಲು ಪಾಲು ಸದ್ದು ದೇವರ ಪಟ್ಟಿಯ ಅಗ್ಗದ ಅಡಾಪ್ಟರಿನದು, ಉಳಿದದ್ದು ವೈಫೈ ಪೆಟ್ಟಿಗೆಯ ಅಡಾಪ್ಟರಿನದು. ಇಂಥ ಅಡಾಪ್ಟರುಗಳು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಜೋಡಿಸಿ ಕೆಲಸ ಮಾಡುತ್ತವೆ. ಒಳಗೆ ಫಿಲ್ಟರ್ ಭಾಗಗಳನ್ನು ಹಾಕದೆ ಉಳಿಸಿದರೆ ಮನೆಯ ವೈರಿಂಗೇ ಅದರ ಆಂಟೆನಾ ಆಗುತ್ತದೆ.

"ಸ್ವಾಮಿಯ ದೀಪ ಆರಿಸುವ ಮಾತು ಬೇಡ" ಎಂದು ಅತ್ತೆ ಮೊದಲೇ ಹೇಳಿಬಿಟ್ಟರು. ಆರಿಸುವ ಅಗತ್ಯವೂ ಇರಲಿಲ್ಲ. ಪಟ್ಟಿ ಹೇಗೂ 12 ವೋಲ್ಟಿನದು, ನನ್ನ ಬ್ಯಾಟರಿಯೂ 12 ವೋಲ್ಟಿನದು. ಚಾರ್ಜ್ ಆಗುವಾಗ ಬ್ಯಾಟರಿಯ ವೋಲ್ಟೇಜ್ 13.8ರವರೆಗೆ ಏರುವುದರಿಂದ ದಾರಿಯಲ್ಲಿ 1ಎನ್4007 ಡಯೋಡ್ ಎರಡನ್ನು ಸಾಲಾಗಿ ಹಾಕಿದೆ, ಒಂದೂವರೆ ವೋಲ್ಟಿನಷ್ಟು ಇಳಿಯುತ್ತದೆ. ಬ್ಯಾಟರಿಯ ಬುಡದಲ್ಲೇ ಒಂದು ಫ್ಯೂಸನ್ನೂ ಹಾಕಿದ್ದೇನೆ. ಅದನ್ನು ಯಾರೂ ಬಿಡಬಾರದು. ವೈಫೈ ಅಡಾಪ್ಟರಿನ ತಂತಿಯನ್ನು, ಹಳೆಯ ಕಂಪ್ಯೂಟರ್ ಮಾನಿಟರಿನ ಕೇಬಲಿನಿಂದ ಬಿಡಿಸಿದ ಫೆರೈಟ್ ಉಂಗುರದೊಳಗೆ ಆರು ಸುತ್ತು ಹಾಯಿಸಿದೆ. ಒಂದೇ ಸುತ್ತು ಹಾಕಿ ಏನೂ ಆಗಲಿಲ್ಲ ಎನ್ನುವವರು ಬಹಳ. ಸುತ್ತು ಹೆಚ್ಚಿದಷ್ಟೂ ಸದ್ದಿನ ಮೇಲೆ ಅದರ ಹಿಡಿತ ಹೆಚ್ಚು.

ನಾನು ಇತರರಿಗೆ ಕೊಟ್ಟ ಕಾಟವನ್ನೂ ಹೇಳದಿದ್ದರೆ ನ್ಯಾಯವಲ್ಲ. ನಾನು ಮೈಕ್ ಒತ್ತಿದಾಗಲೆಲ್ಲ ಅದೇ ಪಕ್ಕದ ಮನೆಯ ಹೋಮ್ ಥಿಯೇಟರಿನಲ್ಲಿ ಬಾತುಕೋಳಿ ಒದರಿದಂತಹ ಸದ್ದು ಬರುತ್ತಿತ್ತಂತೆ. ಆ ಬಾತುಕೋಳಿ ನಾನೇ. "ನೀವು ಮೊಬೈಲ್ ಟವರ್ ಹಾಕಿಸಿದ್ದೀರಿ ಎಂದು ಬೀದಿಯಲ್ಲಿ ಹೇಳುತ್ತಿದ್ದಾರೆ" ಎಂದೂ ಅಣ್ಣ ತಿಳಿಸಿದರು. ಪರವಾನಗಿಯ ಪ್ರತಿ ಹಿಡಿದುಕೊಂಡು ಹೋಗಿ ತೋರಿಸಿದೆ. ಅವರ ಸ್ಪೀಕರ್ ತಂತಿಗಳಿಗೂ ಫೆರೈಟ್ ಹಾಕಿಕೊಟ್ಟೆ, ಆಂಟೆನಾದಿಂದ ರೇಡಿಯೋಗೆ ಬರುವ ನನ್ನ ಕೋಆಕ್ಸ್ ಕೇಬಲನ್ನು ಆಂಟೆನಾದ ನಡುಬಿಂದುವಿನ ಕೆಳಗೆ ನಾಲ್ಕು ಅಂಗುಲದ ಪಿವಿಸಿ ಪೈಪಿನ ಮೇಲೆ ಹನ್ನೆರಡು ಸುತ್ತು ಸುತ್ತಿದೆ. ಕೇಬಲಿನ ಹೊರಮೈಯಲ್ಲಿ ಹರಿದು ಬರುತ್ತಿದ್ದ ಪ್ರಸಾರ ಅಲ್ಲಿಗೆ ನಿಂತಿತು, ಬಾತುಕೋಳಿಯೂ. ಅವರ ಮಗಳು ಈಗ ಭಾನುವಾರಗಳಲ್ಲಿ ಮೋರ್ಸ್ ಕಲಿಯಲು ಬರುತ್ತಾಳೆ.

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಕೇಳಿಸುವ ಮೊದಲೇ ರೇಡಿಯೋದಲ್ಲಿ ಚಟಪಟ ಶುರುವಾಗುತ್ತದೆ. ಆಗ ಕೇಬಲ್ ಬಿಚ್ಚಿ ಕಿಟಕಿಯಿಂದಾಚೆ ಹಾಕುತ್ತೇನೆ, ಅಷ್ಟೇ. ಕೋಟೆಯ ಬುಡದ ಈ ಊರಿನಲ್ಲಿ ಎರಡು ಅಡಿ ಅಗೆದರೆ ಬಂಡೆ. ಇದ್ದಿಲು, ಉಪ್ಪು ಹಾಕಿ ಮಾಡಿಸಿದ ಅರ್ಥಿಂಗನ್ನು ಸಿಡಿಲಿನ ವಿಷಯದಲ್ಲಿ ನಾನು ನಂಬುವುದಿಲ್ಲ.

ಗೊರಗೊರ ಹೋದ ಮರುದಿನ ಬೆಳಿಗ್ಗೆ ಏಳೂವರೆಗೆ ದಾವಣಗೆರೆಯ ಗೆಳೆಯರನ್ನು ಕರೆದೆ. 76 ಡಿಗ್ರಿ ರೇಖಾಂಶ ಎರಡೂ ಊರುಗಳ ನಡುವೆ ಹಾದುಹೋಗುವುದರಿಂದ ಭೂಮಿಯನ್ನು ಚೌಕಗಳಾಗಿ ಹಂಚಿದ ಹ್ಯಾಮ್ ನಕ್ಷೆಯಲ್ಲಿ ಅವರ ಚೌಕ ಎಂಕೆ74, ನಮ್ಮದು ಎಂಕೆ84. ಮೊದಲ ಕರೆಗೇ ಅವರ ಉತ್ತರ ಕೇಳಿಸಿತು, ಹಿಂದೆ ಕುಕ್ಕರ್ ಕೂಗಿದ್ದೂ ಕೇಳಿಸಿತು. "ಎರಡು ಸೀಟಿ ಆಯಿತು" ಎಂದೆ. ಅವರು ಒಂದು ಕ್ಷಣ ಸುಮ್ಮನಾಗಿ, "ಮೊಸಳೆಗೆ ಕಿವಿ ಬಂದಿದೆ" ಎಂದರು.

ಕಳೆದ ತಿಂಗಳು ಎದುರು ಮನೆಯ ತಾರಸಿಯ ಮೇಲೆ ಸೌರಫಲಕ ಕೂರಿಸಿದ್ದಾರೆ. ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲು ಬೀಳುತ್ತಿದ್ದಂತೆ ನನ್ನ ಮುಳ್ಳು ಎಸ್5ಕ್ಕೆ ಏರುತ್ತದೆ, ಮೋಡ ಬಂದರೆ ಇಳಿಯುತ್ತದೆ. ಈ ಸಲ ಕಳ್ಳ ಯಾರೆಂದು ಚೆನ್ನಾಗಿ ಗೊತ್ತು. ಆದರೂ ಅವರ ಬಾಗಿಲು ತಟ್ಟುವ ಮೊದಲು ನಮ್ಮ ಮನೆಯ ಎಲ್ಲ ಪ್ಲಗ್‌ಗಳನ್ನೂ ಇನ್ನೊಮ್ಮೆ ಕಿತ್ತು ನೋಡುತ್ತಿದ್ದೇನೆ. ಅತ್ತೆ ಮೊನ್ನೆ ಸಂತೆಯಿಂದ ಸೊಳ್ಳೆ ಬ್ಯಾಟೊಂದನ್ನು ತಂದಿದ್ದಾರೆ.