ಕರಡ ಕೊಯ್ಯುವ ಮಿಷನ್: ಬ್ಲೇಡು, ನಟ್ಟು, ಗೇರ್ ಹೆಡ್ ಬಗ್ಗೆ ನನ್ನ ಅನುಭವ

ಬ್ರಷ್ ಕಟರ್, ಅಂದರೆ ಉದ್ದ ಪೈಪಿನ ತುದಿಯಲ್ಲಿ ಬ್ಲೇಡು ತಿರುಗುವ ಹುಲ್ಲು ಕೊಯ್ಯುವ ಮಿಷನ್, ತಗೊಳ್ಳಬೇಕು ಅಂತ ಬಾಯಿಬಿಟ್ಟರೆ ಸಾಕು, ಎಷ್ಟು ಸಿಸಿ, ಟೂ ಸ್ಟ್ರೋಕಾ ಫೋರ್ ಸ್ಟ್ರೋಕಾ, ಯಾವ ಕಂಪನಿ ಅಂತ ಮಾತು ಶುರುವಾಗುತ್ತದೆ. ಅಡಿಕೆ ತೋಟದ ಕಳೆ ಹೊಡೆದು ಅಲ್ಲೇ ಬಿಡುವವರಿಗೆ ಅಷ್ಟು ಸಾಕು. ನಾನು ಬರೆಯುತ್ತಿರುವುದು ಹುಲ್ಲು ಕೊಯ್ದು, ಒಣಗಿಸಿ, ಕಟ್ಟಿ ತಂದು ದನಕ್ಕೆ ಹಾಕುವವರಿಗೆ. ನಮ್ಮದು ಸಿದ್ದಾಪುರ ಕಡೆ. ತೋಟದ ಮೇಲ್ಗಡೆ ಬ್ಯಾಣ, ಅಂದರೆ ಹುಲ್ಲು ಬೆಳೆಯುವ ಜಾಗ, ಇದೆ. ಮಳೆಗಾಲದಲ್ಲಿ ಸೊಂಟದೆತ್ತರ ಬೆಳೆಯುವ ಹುಲ್ಲು ದೀಪಾವಳಿ ಹೊತ್ತಿಗೆ ಬಲಿತು ಕೆಂಪಗಾಗುತ್ತದೆ, ಅದನ್ನು ಕೊಯ್ದು ಕರಡ, ಅಂದರೆ ದನಕ್ಕೆ ಒಣಹುಲ್ಲು, ಮಾಡುತ್ತೇವೆ. ಕುಡುಗೋಲು ಹಿಡಿದು ಕೊಯ್ಯುವ ಆಳು ಈಗ ಸಿಗುವುದಿಲ್ಲ, ಸಿಕ್ಕರೂ ಅದೇ ಹೊತ್ತಿಗೆ ಭತ್ತದ ಕೊಯ್ಲು, ಅಡಿಕೆ ಕೊಯ್ಲು ಎಲ್ಲ ಒಟ್ಟಿಗೇ ಬರುತ್ತದೆ. ಹಾಗಾಗಿ ಮಿಷನ್.

ಈ ಹುಲ್ಲು ಕೊನೆಗೆ ಹೋಗುವುದು ದನದ ಬಾಯಿಗೆ ಅಲ್ವಾ. ಮಿಷನ್ನಿನಿಂದ ಸವೆದು ಉದುರಿದ್ದೂ ಅದರ ಜೊತೆಗೇ ಹೋಗುತ್ತದೆ. ಇದೊಂದು ತಲೆಯಲ್ಲಿದ್ದರೆ ಬ್ಲೇಡಿನ ಲೆಕ್ಕಾಚಾರವೇ ಬೇರೆಯಾಗುತ್ತದೆ.

ಮೊದಲು ನೈಲಾನ್ ದಾರ. ತೋಟದಲ್ಲಿ ಬುಡ ಸವರಲು ಅದು ಚೆನ್ನಾಗಿದೆ, ಕಲ್ಲಿಗೆ ತಾಗಿದರೂ ಚಿಂತೆಯಿಲ್ಲ. ಕರಡಕ್ಕೆ ಮಾತ್ರ ಬೇಡ. ಹುಲ್ಲನ್ನು ಕತ್ತರಿಸುವುದಿಲ್ಲ, ಚಚ್ಚಿ ಚೂರು ಮಾಡಿ ಎರಚುತ್ತದೆ. ಚೂರಾದ ಹುಲ್ಲನ್ನು ಸೂಡಿ ಕಟ್ಟುವುದು ಹೇಗೆ? ಅದಕ್ಕಿಂತ ಮುಖ್ಯ, ದಾರದ ತುದಿ ಸವೆದು ತುಂಡಾಗುತ್ತಲೇ ಇರುತ್ತದೆ, ಬೆರಳುದ್ದದ ಪ್ಲಾಸ್ಟಿಕ್ ತುಂಡುಗಳು ಹುಲ್ಲಿನೊಳಗೇ ಉಳಿಯುತ್ತವೆ. ಆರಿಸಲು ಆಗುವುದಿಲ್ಲ.

ಎರಡನೆಯದು ಟಿಸಿಟಿ (ಟಂಗ್‌ಸ್ಟನ್ ಕಾರ್ಬೈಡ್ ತುದಿಯ) ಬ್ಲೇಡು, ಅದೇ ದುಂಡಗೆ ಗರಗಸದ ಹಾಗೆ ಬರುವುದು, 40 ಹಲ್ಲು, 80 ಹಲ್ಲು ಅಂತ ಸಿಗುತ್ತದಲ್ಲ. ಅಂಗಡಿಯವರು ಇದನ್ನೇ ಮೊದಲು ತೋರಿಸುತ್ತಾರೆ. ಕೊಯ್ಲು ನಿಜಕ್ಕೂ ಸೊಗಸು. ಗದ್ದೆಯಲ್ಲಿ ಭತ್ತ ಕೊಯ್ಯಲು, ಕಲ್ಲಿಲ್ಲದ ಕಡೆ ನೇಪಿಯರ್ ಮೇವಿನ ಹುಲ್ಲು ಕಡಿಯಲು ಇದಕ್ಕೆ ಸಮ ಇಲ್ಲ. ಆದರೆ ಹಲ್ಲಿನ ತುದಿಗೆ ಬೆಸೆದಿರುವ ಕಾರ್ಬೈಡ್ ಚೂರು ಗಟ್ಟಿ, ಅಷ್ಟೇ ಪೆಡಸು. ಬ್ಯಾಣದಲ್ಲಿ ಹುಲ್ಲಿನ ಬುಡದಲ್ಲೇ ಜಂಬಿಟ್ಟಿಗೆ ಕಲ್ಲು ತಲೆ ಎತ್ತಿಕೊಂಡಿರುತ್ತದೆ, ಒಂದು ಸಲ ತಾಗಿದರೆ ಎರಡು ಮೂರು ಚೂರು ಹಾರಿಹೋಗುತ್ತವೆ. ಎಲ್ಲಿಗೆ ಹೋದವು? ಹುಲ್ಲಿಗೆ. ದನ ಮೇವನ್ನು ಅಗಿದು ನುಂಗುವುದಿಲ್ಲ, ಮೊದಲು ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ಲೋಹದ ಚೂರು ಎರಡನೇ ಹೊಟ್ಟೆಯಲ್ಲಿ ಕೂರುತ್ತದೆ, ಚೂಪಾಗಿದ್ದರೆ ಅಲ್ಲಿಂದ ಮುಂದೆ ಹೃದಯಕ್ಕೇ ಚುಚ್ಚಬಹುದು. ತಂತಿ, ಮೊಳೆಯಷ್ಟು ಅಪಾಯ ಕಾರ್ಬೈಡ್ ಚೂರಿನಿಂದ ಇಲ್ಲದಿರಬಹುದು, ಆದರೂ ಗೊತ್ತಿದ್ದೂ ಹಾಕಲು ಮನಸ್ಸು ಬರುವುದಿಲ್ಲ. ಬೇರೆ ದಾರಿಯಿಲ್ಲದೆ ಈ ಬ್ಲೇಡೇ ಹಾಕುವವರು ಪ್ರತಿ ಸಲ ಪೆಟ್ರೋಲ್ ತುಂಬುವಾಗ ಹಲ್ಲು ಎಣಿಸಿ. ಕಡಿಮೆಯಾಗಿದ್ದರೆ ಆ ಸಾಲಿನ ಹುಲ್ಲನ್ನು ತೋಟದ ಮುಚ್ಚಿಗೆಗೆ ಹಾಕಿಬಿಡಿ.

ನಾನು ಕರಡಕ್ಕೆ ಹಾಕುವುದು ಇಡೀ ಉಕ್ಕಿನ ನಾಲ್ಕು ಹಲ್ಲಿನ ಹುಲ್ಲಿನ ಬ್ಲೇಡು. ಬೆಸುಗೆ ತುದಿ ಇಲ್ಲ. ಕಲ್ಲಿಗೆ ತಾಗಿದರೆ ಅಂಚು ಮಡಚುತ್ತದೆ, ಅರ ಹಾಕಿ ಸರಿ ಮಾಡಬಹುದು. ಎರಡೂ ಕಡೆ ಅಂಚು ಇರುವುದರಿಂದ ಒಂದು ಕಡೆ ಸವೆದಾಗ ಮಗುಚಿ ಹಾಕಿದರೆ ಆಯಿತು. ಮೂರು ಹಲ್ಲಿನ ದಪ್ಪ ಬ್ಲೇಡು ಇದೆಯಲ್ಲ, ಅದು ಲಂಟಾನ, ಮುಳ್ಳುಕಂಟಿಗೆ ಸರಿ. ಹುಲ್ಲಿಗೆ ಭಾರ ಜಾಸ್ತಿ, ಕೆಲಸ ಕಡಿಮೆ.

ಬ್ಲೇಡು ಮೊಂಡಾಗಿದ್ದು ಗೊತ್ತಾಗುವುದು ಶಬ್ದದಿಂದಲ್ಲ, ಕೊಯ್ದ ಬುಡದಿಂದ. ಬಗ್ಗಿ ಒಂದು ಬುಡ ನೋಡಿ. ಓರೆಯಾಗಿ, ನುಣ್ಣಗೆ ಕತ್ತರಿಸಿದ್ದರೆ ಸರಿ ಇದೆ. ಪೊರಕೆ ತುದಿಯ ಹಾಗೆ ನಾರು ಸೀಳಿಕೊಂಡಿದ್ದರೆ ಅರ ತೆಗೆಯುವ ಹೊತ್ತು. ನಮ್ಮಲ್ಲಿ ಕೆಲಸಕ್ಕೆ ಬರುವ ಹುಡುಗ ಇದನ್ನೇ ಅವನ ಮಾತಿನಲ್ಲಿ ಹೇಳುತ್ತಾನೆ, "ಹೆಗಡೇರೇ, ಹುಲ್ಲು ಬೀಳ್ತಾ ಇಲ್ಲ, ಮಲಗ್ತಾ ಇದೆ." ಆಗ ಆಕ್ಸಿಲರೇಟರ್ ಜಾಸ್ತಿ ಕೊಟ್ಟು ಹೊಡೆದರೆ ಪೆಟ್ರೋಲ್ ಖರ್ಚು, ಕೈ ನೋವು ಅಷ್ಟೇ.

ಅರ ಹಾಕುವಾಗ ಎಲ್ಲ ಹಲ್ಲಿಗೂ ಲೆಕ್ಕ ಹಾಕಿ ಅಷ್ಟಷ್ಟೇ ಎಳೆಯಬೇಕು, ಕಂಪನಿಯಿಂದ ಬಂದ ಓರೆಯನ್ನೇ ಹಿಡಿಯಬೇಕು. ಒಂದು ಹಲ್ಲು ಹೆಚ್ಚು ತಿಂದರೆ ತೂಕ ತಪ್ಪಿ ಮಿಷನ್ ನಡುಗಲು ಶುರು, ಆ ನಡುಕ ನೇರ ಬೇರಿಂಗಿಗೆ ಹೋಗುತ್ತದೆ. ನಡು ತೂತಿಗೆ ಸ್ಕ್ರೂಡ್ರೈವರ್ ತೂರಿಸಿ ಅಡ್ಡ ಹಿಡಿದು ಬ್ಲೇಡನ್ನು ಮೆಲ್ಲಗೆ ತಿರುಗಿಸಿ. ಯಾವಾಗಲೂ ಒಂದೇ ಹಲ್ಲು ಕೆಳಗೆ ಬಂದು ನಿಂತರೆ ಅಲ್ಲಿ ಭಾರ ಜಾಸ್ತಿ ಇದೆ ಅಂತ. ಹಾಗೇ ನೇತಾಡಿಸಿಕೊಂಡು ಸ್ಪ್ಯಾನರ್‌ನಿಂದ ಒಮ್ಮೆ ತಟ್ಟಿ. ಒಳ್ಳೆಯ ಬ್ಲೇಡು ಠಣ್ ಅನ್ನುತ್ತದೆ. ಸದ್ದು ಮಂದವಾಗಿದ್ದರೆ ಎಲ್ಲೋ ಬಿರುಕಿದೆ, ಸಾಮಾನ್ಯವಾಗಿ ಹಲ್ಲಿನ ಬುಡದಲ್ಲಿ. ಆ ಬ್ಲೇಡನ್ನು ಬೆಸುಗೆ ಹಾಕಿಸಿ ಮತ್ತೆ ಬಳಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅಷ್ಟು ವೇಗದಲ್ಲಿ ತಿರುಗುವ ಉಕ್ಕಿನ ತುಂಡು ಹಾರಿದರೆ ಕಾಲು ಹೋಗುತ್ತದೆ.

ಈಗ ಯಾರೂ ನೋಡದ ಜಾಗ. ಬ್ಲೇಡಿನ ಕೆಳಗೆ ಒಂದು ಬಟ್ಟಲಿನಂಥ ತಟ್ಟೆ ಇರುತ್ತದೆ, ಅದರೊಳಗೆ ನಟ್ಟು. ನೆಲಕ್ಕೆ ಉಜ್ಜುವುದು ಆ ಬಟ್ಟಲು. ಅದು ಸವೆದು ಕಾಗದದಷ್ಟು ತೆಳ್ಳಗಾದ ಮೇಲೆ ನಟ್ಟೇ ನೆಲಕ್ಕೆ ತಾಗುತ್ತದೆ, ಅದರ ಆರು ಮೂಲೆ ಸವೆದು ಗುಂಡಗಾಗುತ್ತದೆ, ಆಮೇಲೆ ಯಾವ ಸ್ಪ್ಯಾನರ್ರೂ ಕಚ್ಚುವುದಿಲ್ಲ. ಬಟ್ಟಲಿಗೆ ತೀರಾ ಕಡಿಮೆ ದುಡ್ಡು, ಕೊಯ್ಲಿಗೆ ಮೊದಲೇ ಹೊಸದು ತಂದಿಟ್ಟುಕೊಳ್ಳಿ. ನಟ್ಟನ್ನು ಕೈಯಲ್ಲೇ ಸಲೀಸಾಗಿ ಪೂರ್ತಿ ತಿರುಗಿಸಲು ಬಂದರೆ ಅದರ ಹಿಡಿತ ಮುಗಿಯಿತು, ಅದನ್ನೂ ಬದಲಾಯಿಸಬೇಕು.

ಬಿಚ್ಚುವ ಮೊದಲು ಎಂಜಿನ್ ಆಫ್ ಮಾಡಿ ಸ್ಪಾರ್ಕ್ ಪ್ಲಗ್ ಕ್ಯಾಪ್ ತೆಗೆಯಿರಿ. ಗೇರ್ ಹೆಡ್ಡಿನ (ಪೈಪಿನ ತುದಿಯಲ್ಲಿ, ಬ್ಲೇಡಿನ ಮೇಲೆ ಗೇರು ಇರುವ ಡಬ್ಬಿ) ತೂತಿಗೆ ಆಲನ್ ಕೀ ತೂರಿಸಿದರೆ ಬ್ಲೇಡು ತಿರುಗದೆ ನಿಲ್ಲುತ್ತದೆ. ನಟ್ಟು ಉಲ್ಟಾ ಥ್ರೆಡ್ಡು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಹೊಸ ಬ್ಲೇಡು ತರುವಾಗ ನಡು ತೂತಿನ ಅಳತೆ ನೋಡಿ. ಕೆಲವಕ್ಕೆ 25.4 ಮಿಮೀ, ಕೆಲವಕ್ಕೆ 20 ಮಿಮೀ. ದೊಡ್ಡ ತೂತಿಗೆ ತಗಡು ಸುತ್ತಿ ಕೂರಿಸುವ ಉಪಾಯ ಮಾಡಬೇಡಿ.

ಗೇರ್ ಹೆಡ್ಡಿಗೆ ಕರಡ ಕೊಡುವ ಕಾಟ ತೋಟದ ಕಳೆ ಕೊಡುವುದಿಲ್ಲ. ಉದ್ದ ಹುಲ್ಲು ಬ್ಲೇಡಿನ ಮೇಲಿನ ಸಂದಿಯಲ್ಲಿ ಸುತ್ತಿಕೊಂಡು, ಬಿಗಿದು, ಹಗ್ಗದಷ್ಟು ಗಟ್ಟಿಯಾಗಿ ಆಯಿಲ್ ಸೀಲನ್ನು ಕೊರೆಯುತ್ತದೆ. ಸೀಲ್ ಹೋದರೆ ಗ್ರೀಸ್ ಹೊರಗೆ, ಧೂಳು ಒಳಗೆ. ಹಾಗಾಗಿ ಪೆಟ್ರೋಲ್ ಹಾಕಲು ನಿಲ್ಲಿಸಿದಾಗೆಲ್ಲ ಚಾಕುವಿನಿಂದ ಆ ಸುತ್ತನ್ನು ಕೊಯ್ದು ತೆಗೆಯುತ್ತೇವೆ. ಗ್ರೀಸನ್ನು 20-25 ಗಂಟೆ ಕೆಲಸಕ್ಕೊಮ್ಮೆ ಪಕ್ಕದ ಸ್ಕ್ರೂ ತೆಗೆದು ಸ್ವಲ್ಪ ಒತ್ತಬೇಕು, ಪೂರ್ತಿ ತುಂಬಬಾರದು, ತುಂಬಿದರೆ ಇನ್ನೂ ಬಿಸಿಯಾಗುತ್ತದೆ. ಬ್ಲೇಡು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಕಟಕಟ ಆಟ ಸಿಕ್ಕರೆ ಬೇರಿಂಗ್ ಮುಗಿದಿದೆ. ಬೇರಿಂಗ್ ಮಾತ್ರ ಹಾಕುವುದಾದರೆ ಹಳೇ ಗ್ರೀಸ್ ಚೆನ್ನಾಗಿ ಒರೆಸಿ, ಹೊರಗಿನ ಅಲ್ಯೂಮಿನಿಯಂಗೆ ಹಾಟ್ ಏರ್ ಗನ್ನಿನಿಂದ ಬಿಸಿ ಕೊಟ್ಟರೆ ಬೇರಿಂಗ್ ತಾನಾಗಿ ಜಾರಿ ಬರುತ್ತದೆ, ಸುತ್ತಿಗೆ ಬೇಡ. ಹಲ್ಲು ಸವೆದಿದ್ದರೆ ಎರಡೂ ಗೇರನ್ನು ಜೋಡಿಯಾಗಿಯೇ ಹಾಕಬೇಕು. ಹೊಸ ಗೇರ್ ಹೆಡ್ ತರುವುದಾದರೆ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ಪೈಪು 26 ಮಿಮೀಯೋ 28ಓ, ಒಳಗಿನ ಶಾಫ್ಟಿನ ಹಲ್ಲು 7ಓ 9ಓ ಅಂತ ಫೋನಿನಲ್ಲಿ ಹೇಳಿದರೆ ಸರಿಯಾಗುವುದಿಲ್ಲ.

ಇನ್ನು ಮಿಷನ್ನುಗಳು. ನಮ್ಮಲ್ಲಿ ಹೋಂಡಾ ಜಿಎಕ್ಸ್35 ಎಂಜಿನ್ನಿನ ಫೋರ್ ಸ್ಟ್ರೋಕ್ ಇದೆ, 35.8 ಸಿಸಿ. ಸ್ಟಿಲ್ ಎಫ್‌ಎಸ್ 120 ಟೂ ಸ್ಟ್ರೋಕ್ ಇದೆ, 30.8 ಸಿಸಿ. ಜೊತೆಗೆ ಸ್ಟಿಕ್ಕರ್ ಮೇಲೆ 52 ಸಿಸಿ ಅಂತಿದ್ದ ಒಂದು ಅಗ್ಗದ ಮಿಷನ್ ಕೂಡ ಇತ್ತು, ಅದರ ಕ್ಲಚ್ಚು, ಸ್ಟಾರ್ಟರ್ ಎಲ್ಲ ಬೇಗ ಕೈಕೊಟ್ಟವು. ಅದರ ಪರವಾಗಿ ಹೇಳುವುದೆಂದರೆ ಸ್ಪೇರ್ ಎಲ್ಲ ಕಡೆ ಸಿಗುತ್ತದೆ. ಫೋರ್ ಸ್ಟ್ರೋಕಿಗೆ ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆ ಇಲ್ಲ, ಸದ್ದು, ಹೊಗೆ ಕಡಿಮೆ. ಆದರೆ ಅದು ಹಿಡಿಸುವುದೇ 100 ಮಿಲಿ ಆಯಿಲ್, ದಿನಾ ಬೆಳಿಗ್ಗೆ ನೋಡಲೇಬೇಕು. ಟೂ ಸ್ಟ್ರೋಕ್ ದಟ್ಟ ಹುಲ್ಲಿಗೆ ಸಿಕ್ಕಿ ಕುಗ್ಗಿದರೂ ಬೇಗ ಮೇಲೆದ್ದುಬರುತ್ತದೆ, ಅದು ನನಗಿಷ್ಟ. ಒಂದು ಲೀಟರಿಗೆ 20 ಮಿಲಿ ಆಯಿಲ್ ಅದಕ್ಕೆ. ಅಗ್ಗದ್ದಕ್ಕೆ 40 ಮಿಲಿ ಅಂತ ಬರೆದಿತ್ತು, ಹಾಗಾಗಿ ಕ್ಯಾನಿಗೆ ಬೇರೆ ಬೇರೆ ಬಣ್ಣ ಬಳಿದಿದ್ದೆವು.

ಕರಡದ ಮಟ್ಟಿಗೆ ಎಂಜಿನ್ನಿಗಿಂತ ಹ್ಯಾಂಡಲ್ಲು ಮುಖ್ಯ. ಬೆನ್ನಿಗೆ ಹೊರುವ ಮಿಷನ್ ಕಡಿದಾದ ಕಡೆ ಸಲೀಸು, ಆದರೆ ಅದರ ಬಗ್ಗುವ ಶಾಫ್ಟ್ ಇನ್ನೊಂದು ಸವೆಯುವ ಭಾಗ, ತೀರಾ ಬಗ್ಗಿಸಿ ಹಿಡಿದರೆ ಒಳಗಿನ ಕೇಬಲ್ ತುಂಡಾಗುತ್ತದೆ. ಪಕ್ಕದಲ್ಲಿ ನೇತುಹಾಕುವ, ಸೈಕಲ್ ಹ್ಯಾಂಡಲ್ಲಿನ ಮಿಷನ್ನಿನಲ್ಲಿ ಬೀಸು ಒಂದೇ ಎತ್ತರದಲ್ಲಿ ಬರುತ್ತದೆ. ಮೇಲಿನಿಂದ ನೋಡಿದರೆ ಬ್ಲೇಡು ಎಡಕ್ಕೆ ಸುತ್ತುತ್ತದೆ. ಬಲದಿಂದ ಎಡಕ್ಕೆ ಬೀಸಿದರೆ ಹುಲ್ಲು ಎಡಗಡೆ ಸಾಲಾಗಿ ಬೀಳುತ್ತದೆ. ಭತ್ತಕ್ಕೆ ಅಂತ ಮಾರುವ ತಗಡಿನ ಗಾರ್ಡ್ ಸಿಕ್ಕಿಸಿಕೊಂಡರೆ ಸಾಲು ಇನ್ನೂ ಚೊಕ್ಕ, ಒಟ್ಟು ಮಾಡಲು ಅರ್ಧ ಶ್ರಮ. ಮೂರ್ನಾಲ್ಕು ಬೆರಳು ಬುಡ ಬಿಟ್ಟು ಕೊಯ್ಯುತ್ತೇವೆ. ಪೂರ್ತಿ ನೆಲಕ್ಕೆ ಸವರಿದರೆ ಸಿಗುವ ಹುಲ್ಲು ಸ್ವಲ್ಪ ಜಾಸ್ತಿ, ಕಲ್ಲು ಮಣ್ಣು ಅದಕ್ಕಿಂತ ಜಾಸ್ತಿ.

ಕರಡ ಮುಗಿದ ಮೇಲೆ ಮಿಷನ್ನು ಮುಂದಿನ ಕಳೆ ಬರುವವರೆಗೂ ಅಟ್ಟದಲ್ಲಿ. ಟ್ಯಾಂಕು ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದೂ ಮುಗಿದು ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುತ್ತೇವೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ, ನಮ್ಮ ಕಡೆಯ ತೇವಕ್ಕೆ ಅದು ನೀರು ಎಳೆದುಕೊಳ್ಳುತ್ತದೆ. ಬ್ಲೇಡು ಬಿಚ್ಚಿ ಎಣ್ಣೆ ಸವರಿ ಗೋಡೆಗೆ, ಹೊಸ ನಟ್ಟು ಬಟ್ಟಲು ಒಂದು ಡಬ್ಬಿಯಲ್ಲಿ ಹಾಕಿ ಮಿಷನ್ನಿನ ಬೆಲ್ಟಿಗೇ ಕಟ್ಟಿಡುತ್ತೇನೆ, ಇಲ್ಲದಿದ್ದರೆ ಮುಂದಿನ ವರ್ಷ ಮನೆಯಲ್ಲಿ ಯಾರಿಗೂ ಸಿಗುವುದಿಲ್ಲ.